ಮೌಗ್ಲಿ ಯಾವ ಭಾಷೆಯಲ್ಲಿ ನೆನಪಿದ್ದಾನೆ? ಕನ್ನಡ ಮಕ್ಕಳ ಕಾರ್ಟೂನ್ ವೀಕ್ಷಣೆಯ ಭಾಷಿಕ ಚರಿತ್ರೆ (1975–2015)

ಸಾರಾಂಶ

1990ರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದ ಮಕ್ಕಳಿಗೆ ಅಚ್ಚುಮೆಚ್ಚಾಗಿದ್ದ ಟಿವಿ ಕಾರ್ಟೂನುಗಳು ಹಿಂದಿಯಲ್ಲಿದ್ದವು, ಇಂಗ್ಲಿಷಿನಲ್ಲಿದ್ದವು ಅಥವಾ ಮಾತೇ ಇಲ್ಲದವಾಗಿದ್ದವು. ಈ ಸ್ಥಿತಿ ಹೇಗೆ ಒದಗಿತು ಮತ್ತು ಮಕ್ಕಳ ಕನ್ನಡಕ್ಕೆ ಅದರಿಂದ ಏನಾಯಿತು ಎಂಬುದನ್ನು ಪ್ರಸ್ತುತ ಲೇಖನ ಚಾರಿತ್ರಿಕವಾಗಿ ಪರಿಶೀಲಿಸುತ್ತದೆ. ಮಾತಾಡುವ ಕಾರ್ಟೂನು ಬಾಲ್ಯದ ನೆನಪನ್ನು ಪರಭಾಷೆಯಲ್ಲಿ ಕಟ್ಟಿಕೊಟ್ಟಿತು. ಮಾತಿಲ್ಲದ ಕಾರ್ಟೂನು ಕನ್ನಡಕ್ಕೆ ಜಾಗ ಬಿಟ್ಟಿತು. 2009ರ ನಂತರ ಬಂದ ಕನ್ನಡ ಡಬ್ಬಿಂಗ್ ಈ ಎರಡನ್ನೂ ಮೀರಿದ ಮೂರನೆಯ ಪ್ರಶ್ನೆಯನ್ನು, ಅಂದರೆ ಪಾತ್ರಭಾಷೆಯ ಪ್ರಶ್ನೆಯನ್ನು, ಎತ್ತಿತು ಎಂಬುದು ನಮ್ಮ ವಾದ.

1. ಪೀಠಿಕೆ

ಈಗ ಮೂವತ್ತರಿಂದ ನಲವತ್ತರ ಪ್ರಾಯದಲ್ಲಿರುವ ಕನ್ನಡಿಗರು ಬಾಲ್ಯದ ಟಿವಿಯನ್ನು ನೆನೆಯತೊಡಗಿದರೆ ಮಾತು ಬಹುಬೇಗ ಮೌಗ್ಲಿಯ ಬಳಿ ಬಂದು ನಿಲ್ಲುತ್ತದೆ. ನೆನೆಯುವುದು ಕನ್ನಡದಲ್ಲೇ, ಆದರೆ ಶೀರ್ಷಿಕೆಗೀತೆಯನ್ನು ಗುನುಗುವಾಗ, ಶೇರ್ ಖಾನನ ದನಿಯನ್ನು ಅಣಕಿಸುವಾಗ ನಾಲಗೆ ಹಿಂದಿಗೆ ಹೊರಳುತ್ತದೆ. ಕಥೆಯ ಚೌಕಟ್ಟು ಕನ್ನಡದ್ದು, ಕಥೆಯೊಳಗಿನ ಮಾತು ಹಿಂದಿಯದು. ಭಾಷಾವಿಜ್ಞಾನಿಗಳಿಗೆ ಇಂಥ ಭಾಷಾಪಲ್ಲಟ ಹೊಸತಲ್ಲ. ಇಲ್ಲಿ ಗಮನಿಸಬೇಕಾದದ್ದು ಬೇರೊಂದಿದೆ. ಈ ಭಾಷಿಕರಲ್ಲಿ ಅನೇಕರು ದೈನಂದಿನ ವ್ಯವಹಾರದಲ್ಲಿ ಹಿಂದಿಯನ್ನು ಬಳಸುವವರಲ್ಲ. ಬಳಕೆಯಲ್ಲಿ ಇಲ್ಲದ ಭಾಷೆಯೊಂದು ಅಕ್ಕರೆಯ ನೆನಪಿನಲ್ಲಿ ಮಾತ್ರ ಉಳಿದುಕೊಂಡಿರುವ ಸಂದರ್ಭವಿದು.

ಈ ಲೇಖನದಲ್ಲಿ ‘ನಾವು’ ಎಂದರೆ ಬರೆಯುತ್ತಿರುವವರೂ ಹೌದು, ಆ ಭಾನುವಾರಗಳನ್ನು ಹಂಚಿಕೊಂಡ ತಲೆಮಾರೂ ಹೌದು. ತಮಿಳು, ತೆಲುಗು, ಮಲಯಾಳಗಳಂತೆ ಕೇಳುಗರನ್ನು ಒಳಗೊಳ್ಳುವ ಮತ್ತು ಹೊರಗಿಡುವ ಎರಡು ರೂಪಗಳನ್ನು ಇಂದಿನ ಕನ್ನಡದ ಉತ್ತಮಪುರುಷ ಬಹುವಚನ ಉಳಿಸಿಕೊಂಡಿಲ್ಲ. ಆ ಅಸ್ಪಷ್ಟತೆ ಇಲ್ಲಿ ನಮಗೆ ಅನುಕೂಲವೇ ಆಗಿದೆ. ತಲೆಮಾರಿನ ಸ್ಮೃತಿಯನ್ನು ನಾವು ಪುರಾವೆಯಾಗಿ ಬಳಸಿಲ್ಲ. ಪ್ರಸಾರದ ಚರಿತ್ರೆಯಲ್ಲಿ ಏನನ್ನು ಹುಡುಕಬೇಕು ಎಂಬುದಕ್ಕೆ ಸುಳಿವಾಗಿ ಬಳಸಿದ್ದೇವೆ.

2. ಉಪಗ್ರಹದಿಂದ ಬಂದ ಕನ್ನಡ

ಮಕ್ಕಳ ಟಿವಿ ಕರ್ನಾಟಕಕ್ಕೆ ಕಾಲಿಟ್ಟದ್ದು ಹಿಂದಿಯಲ್ಲಿ ಅಲ್ಲ, ಕನ್ನಡದಲ್ಲಿ. ನಾಸಾದ ಎಟಿಎಸ್-6 ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಅದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ತಲುಪಿತು. ಸಂಜೆಯ ಪ್ರಸಾರ ಊರಿನವರಿಗೆ, ಬೆಳಗಿನ ಪ್ರಸಾರ 5ರಿಂದ 12 ವರ್ಷದ ಶಾಲಾ ಮಕ್ಕಳಿಗೆ ಎಂದು ವಿಂಗಡಿಸಲಾಗಿತ್ತು. ಹಿಂದಿ, ಒಡಿಯಾ, ತೆಲುಗುಗಳ ಜೊತೆಗೆ ಕನ್ನಡವೂ ಪ್ರಸಾರದ ಭಾಷೆಯಾಗಿತ್ತು. ಮಕ್ಕಳಿಗೆ ಅವರ ಭಾಷೆಯಲ್ಲೇ ಹೇಳಬೇಕೆಂಬುದು ಆ ಪ್ರಯೋಗದ ಮೂಲ ನಂಬಿಕೆಗಳಲ್ಲಿ ಒಂದು.

ಪ್ರಯೋಗ ಒಂದೇ ವರ್ಷಕ್ಕೆ ಮುಗಿಯಿತು. 1977ರಲ್ಲಿ ಗುಲ್ಬರ್ಗಾಕ್ಕೂ 1981ರಲ್ಲಿ ಬೆಂಗಳೂರಿಗೂ ದೂರದರ್ಶನ ಕೇಂದ್ರಗಳು ಬಂದವು. ಆದರೆ 1982ರ ಆಗಸ್ಟ್ 15ರಂದು ರಾಷ್ಟ್ರೀಯ ಪ್ರಸಾರ ಆರಂಭವಾದ ಮೇಲೆ ದಿನದ ಪ್ರಮುಖ ಹೊತ್ತು ದೆಹಲಿಯ ಪಾಲಾಯಿತು. ಗೋಕಾಕ್ ಚಳವಳಿ ಕರ್ನಾಟಕದ ಬೀದಿಗಳನ್ನು ತುಂಬಿದ್ದೂ ಅದೇ 1982ರಲ್ಲಿ. ಶಾಲೆಯಲ್ಲಿ ಮಗುವಿನ ಪ್ರಥಮ ಭಾಷೆ ಯಾವುದಾಗಬೇಕು ಎಂಬುದರ ಬಗ್ಗೆ ನಾಡು ಒಕ್ಕೊರಲಿನಿಂದ ವಾದಿಸುತ್ತಿದ್ದ ವರ್ಷದಲ್ಲೇ, ನಡುಮನೆಯಲ್ಲಿ ಮಗುವಿನ ಕಿವಿಗೆ ಬೀಳುವ ಭಾಷೆ ಯಾವುದೆಂಬುದು ಹೆಚ್ಚಿನ ಚರ್ಚೆಯಿಲ್ಲದೆ ತೀರ್ಮಾನವಾಯಿತು. ಭಾಷಾನೀತಿಯ ಚರಿತ್ರೆಕಾರರು ಮೊದಲನೆಯದಕ್ಕೆ ಕೊಟ್ಟಷ್ಟು ಗಮನವನ್ನು ಎರಡನೆಯದಕ್ಕೆ ಕೊಡಬೇಕಾಗಿದೆ.

ಇದರ ಫಲ ಎಷ್ಟು ಆಳವಾಗಿತ್ತು ಎಂಬುದಕ್ಕೆ ‘ಮಾಲ್ಗುಡಿ ಡೇಸ್’ ಒಳ್ಳೆಯ ನಿದರ್ಶನ. ಅದು ಕಾರ್ಟೂನಲ್ಲ, ಆದರೂ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳಿಂದಾಗಿ ಮಕ್ಕಳ ನೆನಪಿನಲ್ಲಿ ಚಿತ್ರಕಥೆಯ ಪಕ್ಕದಲ್ಲೇ ಕುಳಿತಿದೆ. ನಿರ್ದೇಶಕರು ಶಂಕರ್ ನಾಗ್, ಚಿತ್ರೀಕರಣದ ಊರು ಆಗುಂಬೆ, ಸ್ವಾಮಿಯಾಗಿ ನಟಿಸಿದವರು ಮಾಸ್ಟರ್ ಮಂಜುನಾಥ್. ಇಷ್ಟೆಲ್ಲ ಕನ್ನಡದ್ದಾಗಿದ್ದರೂ ರಾಷ್ಟ್ರೀಯ ಪ್ರಸಾರದಲ್ಲಿ ಸ್ವಾಮಿ ಆಡಿದ್ದು ಹಿಂದಿಯನ್ನು.

3. ಭಾನುವಾರದ ಹಿಂದಿ: ಅಂಕಿತನಾಮವಾದ ಕರಡಿ

ದೂರದರ್ಶನದ ಹಿಂದಿಯೆಲ್ಲವೂ ಕನ್ನಡದ ಮಗುವಿಗೆ ಒಂದೇ ಸಮನಾಗಿ ಅಪರಿಚಿತವಾಗಿರಲಿಲ್ಲ. ಫಿಲ್ಮ್ಸ್ ಡಿವಿಷನ್ 1974ರಲ್ಲಿ ಹೊರತಂದ, ವಿಜಯಾ ಮುಳೆ ನಿರ್ದೇಶನದ ‘ಏಕ್ ಅನೇಕ್ ಔರ್ ಏಕತಾ’ ಎಂಬ ಕಿರು ಅನಿಮೇಷನ್ ಚಿತ್ರವನ್ನು ತೆಗೆದುಕೊಳ್ಳೋಣ. ಅದರ ಶೀರ್ಷಿಕೆಯ ಮೂರು ಮುಖ್ಯ ಪದಗಳೂ ತತ್ಸಮಗಳು. ಏಕ, ಅನೇಕ, ಏಕತೆ ಎಂಬ ರೂಪಗಳು ಕನ್ನಡ ಪಠ್ಯಪುಸ್ತಕದಲ್ಲೂ ಇದ್ದವು. ಹಾಗಾಗಿ ಚಿತ್ರದಲ್ಲಿ ಅಕ್ಕ ತಮ್ಮನಿಗೆ ಅರ್ಥ ಬಿಡಿಸಿ ಹೇಳುವಾಗ ಕನ್ನಡದ ಮಗುವೂ ಆ ಪಾಠದಲ್ಲಿ ಕೂತಿರಬಹುದಾಗಿತ್ತು.

‘ಜಂಗಲ್ ಬುಕ್’ ಇದಕ್ಕೆ ವ್ಯತಿರಿಕ್ತ. ರುಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕಥೆಗಳನ್ನು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ 1989–90ರಲ್ಲಿ 52 ಕಂತುಗಳ ಸರಣಿಯಾಗಿಸಿತು. ಅದು ಹಿಂದಿ ಧ್ವನಿಯಲ್ಲಿ 1993ರಿಂದ ದೂರದರ್ಶನದಲ್ಲಿ ಬಂತು. ಗುಲ್ಜಾರರ ಗೀತೆ, ವಿಶಾಲ್ ಭಾರದ್ವಾಜರ ಸಂಗೀತ, ಶೇರ್ ಖಾನನಿಗೆ ನಾನಾ ಪಾಟೇಕರರ ಕಂಠ. ಮಧ್ಯಭಾರತದ ಕಾಡಿನ ಕಥೆ ಲಂಡನ್, ಟೋಕಿಯೊ, ಮುಂಬಯಿಗಳನ್ನು ಸುತ್ತಿ ಹಾಸನಕ್ಕೂ ಹಾವೇರಿಗೂ ಬಂದಾಗ ಅದರ ಹೆಸರುಗಳಿಗೆ ಏನಾಯಿತು ಎಂಬುದು ಭಾಷಿಕವಾಗಿ ಸ್ವಾರಸ್ಯಕರ.

ಕಿಪ್ಲಿಂಗ್ ತನ್ನ ಪ್ರಾಣಿಗಳಿಗೆ ಹಿಂದುಸ್ತಾನಿಯ ಸಾಮಾನ್ಯ ಪದಗಳನ್ನೇ ಹೆಸರಾಗಿ ಇಟ್ಟಿದ್ದ. ಕನ್ನಡ ವ್ಯಾಕರಣ ಪರಂಪರೆಯ ಪರಿಭಾಷೆಯಲ್ಲಿ ಹೇಳುವುದಾದರೆ ಭಾಲೂ, ಹಾಥಿ ಎಂಬ ರೂಢನಾಮಗಳು ಅಂಕಿತನಾಮಗಳಾದವು. ಒಂಟಿಯಾಗಿರುವವನು ಎಂಬ ಅರ್ಥದ ಅಕೇಲಾ ಅನ್ವರ್ಥನಾಮವಾಯಿತು. ಇಂಗ್ಲಿಷ್ ಓದುಗನಿಗೆ ಇವು ಬರಿಯ ಹೆಸರುಗಳು. ಹಿಂದಿ ಧ್ವನಿಯಲ್ಲಿ ಇವು ಮತ್ತೆ ಪಾರದರ್ಶಕವಾದವು. ಕನ್ನಡದ ಮಗು ಮಾತ್ರ ಹಿಂದಿಯನ್ನು ಕೇಳುತ್ತಿದ್ದರೂ ಇಂಗ್ಲಿಷ್ ಓದುಗನ ಸ್ಥಿತಿಯಲ್ಲೇ ಇತ್ತು: ‘ಬಾಲೂ’ ಎಂಬುದು ಒಬ್ಬ ನಿರ್ದಿಷ್ಟ ಕರಡಿಯ ಹೆಸರು, ಅಷ್ಟೆ. ಮುಂದೆ ಶಾಲೆಯಲ್ಲಿ ತೃತೀಯ ಭಾಷೆಯಾಗಿ ಹಿಂದಿ ಬಂದಾಗ, ಕರಡಿಗಳಿಗೆಲ್ಲ ಅದೇ ಪದವೆಂದು ತಿಳಿಯಿತು. ರೂಢನಾಮದಿಂದ ಅಂಕಿತನಾಮ ಹುಟ್ಟುವುದು ಭಾಷೆಗಳ ಸಾಮಾನ್ಯ ದಾರಿ. ನಮ್ಮ ತಲೆಮಾರು ಹಿಂದಿಯ ಕೆಲವು ಪದಗಳನ್ನು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, ವ್ಯಕ್ತಿಯಿಂದ ಜಾತಿಯ ಕಡೆಗೆ ನಡೆದು ಕಲಿಯಿತು. ಮಹಾಪ್ರಾಣದ ಕಥೆಯೂ ಹೀಗೆಯೇ. ‘ಭಾಲೂ’ವಿನ ಮಹಾಪ್ರಾಣವನ್ನು ಕಿಪ್ಲಿಂಗನ ಇಂಗ್ಲಿಷ್ ಕಾಗುಣಿತ ಕಳೆದಿತ್ತು, ಆಡುಮಾತಿನಲ್ಲಿ ಮಹಾಪ್ರಾಣವನ್ನು ಉಳಿಸಿಕೊಳ್ಳದ ಕನ್ನಡ ನಾಲಗೆ ತಾನಾಗಿಯೇ ಅಲ್ಲಿಗೆ ಬಂದು ಸೇರಿತು.

ಶೇರ್ ಖಾನನದು ಇನ್ನೊಂದು ತೊಡಕು. ಪಾರಸಿ ಮೂಲದ ‘ಶೇರ್’ ಪದ ಸಿಂಹಕ್ಕೂ ಹುಲಿಗೂ ಸಲ್ಲುತ್ತದೆ. ಪಾಠದ ಪುಸ್ತಕದಲ್ಲಿ ‘ಶೇರ್’ ಎಂದರೆ ಸಿಂಹವೆಂದು ಕಲಿಯುವ ಮಗುವಿನ ಕಣ್ಣ ಮುಂದೆ ಪಟ್ಟೆಹುಲಿಯೊಂದು ಆಗಲೇ ಆ ಹೆಸರನ್ನು ಹೊತ್ತು ನಿಂತಿತ್ತು. ಅದೇ ಮಗು ಸೋಮವಾರ ಶಾಲೆಯಲ್ಲಿ ‘ಗೋವಿನ ಹಾಡ’ನ್ನು ಕಲಿಯುತ್ತಿತ್ತು, ಅಲ್ಲಿನ ಹುಲಿ ಅರ್ಬುತ ಕನ್ನಡದಲ್ಲಿ ಮಾತಾಡುತ್ತಿದ್ದ, ಕೊನೆಗೆ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತಿದ್ದ. ಭಾನುವಾರದ ಹುಲಿ ಹಿಂದಿಯಲ್ಲಿ ಗರ್ಜಿಸುತ್ತಿತ್ತು, ಸೋಮವಾರದ ಹುಲಿ ಕನ್ನಡದಲ್ಲಿ ಮರುಗುತ್ತಿತ್ತು. ಭಾಷೆಗಳ ನಡುವಣ ಕಾರ್ಯವಿಭಜನೆ ಮಗುವಿನ ಲೋಕದಲ್ಲಿ ಎಷ್ಟು ಬೇಗ ಶುರುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಡಿಸ್ನಿಯ ‘ಡಕ್ ಟೇಲ್ಸ್’, ‘ಟೇಲ್ ಸ್ಪಿನ್’ಗಳೂ ಹಿಂದಿ ಧ್ವನಿಯಲ್ಲಿ ಆ ದಶಕದ ಭಾನುವಾರಗಳಿಗೆ ಸೇರಿಕೊಂಡವು. ಎರಡನೆಯದರಲ್ಲಿ ಬಾಲೂ ವಿಮಾನ ಹಾರಿಸುವವನಾಗಿ, ಶೇರ್ ಖಾನ್ ಸೂಟು ತೊಟ್ಟ ವ್ಯಾಪಾರಿಯಾಗಿ ಮರಳಿ ಬಂದಾಗ ಆ ಹೆಸರುಗಳ ಅಂಕಿತತ್ವ ಮತ್ತಷ್ಟು ಗಟ್ಟಿಯಾಯಿತು.

ಈ ಪ್ರಸಾರಗಳಿಂದ ಮಕ್ಕಳು ಹಿಂದಿಯನ್ನು ‘ಕಲಿತರು’ ಎನ್ನಬಹುದೇ? ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರ 2003ರ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳು ಎದುರು ಕುಳಿತ ವ್ಯಕ್ತಿಯಿಂದ ಮ್ಯಾಂಡರಿನ್ ಧ್ವನಿಭೇದಗಳನ್ನು ಗ್ರಹಿಸಿದವು. ಅದೇ ಮಾತನ್ನು ವೀಡಿಯೊದಲ್ಲಿ ಕೇಳಿದ ಶಿಶುಗಳು ಗ್ರಹಿಸಲಿಲ್ಲ. ಆದರೆ ಶಾಲಾವಯಸ್ಸಿನ ಮಕ್ಕಳ ವಿಷಯ ಬೇರೆ. ಡಿಡೆವಾಲ್ ಮತ್ತು ವ್ಯಾನ್ ಡ ಪುಲ್ (1999), ಕುಪೆನ್ಸ್ (2010) ಇವರ ಅಧ್ಯಯನಗಳು ಡಚ್ ಭಾಷಿಕ ಮಕ್ಕಳು ಟಿವಿಯಿಂದ ಪರಭಾಷೆಯ ಪದಗಳನ್ನು ಅನಾಯಾಸವಾಗಿ ಪಡೆಯುವುದನ್ನು ತೋರಿಸಿವೆ. ಅಲ್ಲಿ ಉಪಶೀರ್ಷಿಕೆಗಳ ಆಸರೆಯಿತ್ತು. ನಮಗಿದ್ದ ಆಸರೆ ಚಿತ್ರ, ಪುನರಾವರ್ತನೆ ಮತ್ತು ಪಕ್ಕದಲ್ಲಿ ಕುಳಿತವರು. ಟಿವಿ ಇದ್ದ ಮನೆಗೆ ಕೇರಿಯ ಮಕ್ಕಳೆಲ್ಲ ಸೇರುತ್ತಿದ್ದ ಆ ಕಾಲದಲ್ಲಿ, ಅಷ್ಟಿಷ್ಟು ಹಿಂದಿ ಬಲ್ಲ ಅಣ್ಣನೋ ಅಕ್ಕನೋ ಅನುವಾದಕರಾಗುತ್ತಿದ್ದರು. ಹುಟ್ಟಿದ್ದು ಗ್ರಹಣಾತ್ಮಕ ದ್ವಿಭಾಷಿಕತೆ: ಕೇಳಿದರೆ ತಿಳಿಯುತ್ತದೆ, ಆಡಲು ಬಾರದು. ಅದೂ ಎಲ್ಲೆಡೆ ಒಂದೇ ಬಗೆಯದಲ್ಲ. ದಖನಿ ಕಿವಿಗೆ ಬೀಳುತ್ತಿದ್ದ ಕಲಬುರಗಿಯಲ್ಲಿ ಮೌಗ್ಲಿಯ ಹಿಂದಿ ನೆರೆಮನೆಯ ಮಾತಿಗೆ ಹತ್ತಿರವಾಗಿತ್ತು. ಶಿರಸಿಯಲ್ಲೋ ಚಾಮರಾಜನಗರದಲ್ಲೋ ಅದು ಪೆಟ್ಟಿಗೆಯಿಂದ ಮಾತ್ರ ಬರುವ ಭಾಷೆ.

4. ಮಾತಿಲ್ಲದ ಬೆಕ್ಕು, ಮಾತಿಲ್ಲದ ಇಲಿ

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ಕೇಬಲ್ ಇದ್ದ ಮನೆಗಳಲ್ಲಿ ಇಂಗ್ಲಿಷ್ ಕಾರ್ಟೂನುಗಳ ಯುಗ ತೆರೆಯಿತು. ಮುಂದೆ ಹಿಂದಿ ಧ್ವನಿ ಅದಕ್ಕೆ ಜೊತೆಯಾಯಿತು. ‘ಸ್ಕೂಬಿ ಡೂ’, ‘ಸ್ವಾಟ್ ಕ್ಯಾಟ್ಸ್’ಗಳನ್ನು ಎಷ್ಟು ಮಂದಿ ಅರ್ಥಮಾಡಿಕೊಂಡು ನೋಡಿದರು ಎಂಬುದು ಶಾಲೆಯ ಮಾಧ್ಯಮವನ್ನು ಅವಲಂಬಿಸಿತ್ತು. ಆದರೆ ಹ್ಯಾನಾ ಮತ್ತು ಬಾರ್ಬೆರಾ 1940ರಲ್ಲಿ ಆರಂಭಿಸಿದ ‘ಟಾಮ್ ಅಂಡ್ ಜೆರ್ರಿ’ ಈ ಅಂತರವನ್ನು ಅಳಿಸಿಬಿಟ್ಟಿತು. ಬಹುಮಟ್ಟಿಗೆ ಮಾತೇ ಇಲ್ಲದ ಆ ಚಿತ್ರಗಳ ಮುಂದೆ ಕನ್ನಡ ಮಾಧ್ಯಮದ ಮಗುವೂ ಇಂಗ್ಲಿಷ್ ಮಾಧ್ಯಮದ ಮಗುವೂ ಸಮಾನರು.

ಇಲ್ಲಿ ನಮ್ಮ ಮುಖ್ಯ ವಾದಕ್ಕೆ ಬರುತ್ತೇವೆ. ಮೌಗ್ಲಿಯನ್ನು ಮರುದಿನ ಗೆಳೆಯರಿಗೆ ವಿವರಿಸುವಾಗ ಹಿಂದಿ ಸಂಭಾಷಣೆಯ ತುಣುಕುಗಳು ಸಿದ್ಧವಾಗಿ ಸಿಗುತ್ತಿದ್ದವು. ಟಾಮನ ಪಾಡನ್ನು ವಿವರಿಸಲು ಯಾವ ತುಣುಕೂ ಇರಲಿಲ್ಲ; ಎಲ್ಲವನ್ನೂ ಕನ್ನಡದಲ್ಲೇ ಕಟ್ಟಬೇಕಿತ್ತು. ಅದಕ್ಕೆ ಬೇಕಾದ ಸಾಮಗ್ರಿಯೋ ಕನ್ನಡದಲ್ಲಿ ಹೇರಳವಾಗಿತ್ತು: ದಢಾರ್ ಅಂತ ಬಿತ್ತು, ಸುಂಯ್ ಅಂತ ಹಾರಿತು, ಗಿರಗಿರ ತಿರುಗಿತು, ಪಟಪಟ ಹೊಡೆಯಿತು. ಅನುಕರಣ ಪದಗಳು ಭಾರತೀಯ ಭಾಷಾವಲಯದ ಸಮಾನ ಲಕ್ಷಣವೆಂದು ಎಮಿನೋ 1969ರಲ್ಲಿಯೇ ತೋರಿಸಿದ್ದಾರೆ. ಅನುಕರಣವನ್ನು ಹದಿಮೂರನೆಯ ಶತಮಾನದ ಕೇಶಿರಾಜನೂ ಗಮನಿಸಿದ್ದ. ‘ದಿಢೀರನೆ’, ‘ಸರ್ರನೆ’, ‘ದೊಪ್ಪನೆ’ ಎಂಬ ರೂಪಗಳ ಕೊನೆಯಲ್ಲಿ ಹಳೆಯ ‘ಎನೆ’ ಅಡಗಿದೆ. ಇಂದಿನ ಮಗುವಿನ ‘ದಢಾರ್ ಅಂತ’ದಲ್ಲಿ ಅದೇ ಧಾತು ಹೊಸ ರೂಪದಲ್ಲಿ ಅದೇ ಕೆಲಸ ಮಾಡುತ್ತಿದೆ. ಸದ್ದನ್ನು ಉದ್ಧರಿಸಿ ಅದನ್ನು ಕ್ರಿಯಾವಿಶೇಷಣವಾಗಿಸುವ ಈ ರಚನೆಗೆ ಬೆಕ್ಕು–ಇಲಿಗಳ ಜಗಳಕ್ಕಿಂತ ಒಳ್ಳೆಯ ಗರಡಿಮನೆ ಸಿಗಲಾರದು.

ಹೀಗಾಗಿ, ಪರದೇಶದ ಕಾರ್ಟೂನು ಕನ್ನಡವನ್ನು ಸೊರಗಿಸಿತು ಎಂಬ ಸರಳ ತೀರ್ಮಾನ ನಿಲ್ಲುವುದಿಲ್ಲ. ಚಿತ್ರ ಎಲ್ಲಿಂದ ಬಂತು ಎಂಬುದಕ್ಕಿಂತ ಅದರ ಧ್ವನಿಯಲ್ಲಿ ಮಗುವಿನ ಮಾತಿಗೆ ಜಾಗ ಉಳಿದಿತ್ತೇ ಎಂಬುದು ಮುಖ್ಯ.

5. ಡಬ್ಬಿಂಗ್ ಎಂಬ ಕಟ್ಟುಪಾಡು

ಜಾಗ ಉಳಿಸುವ ಇನ್ನೊಂದು ದಾರಿಯೆಂದರೆ ಡಬ್ಬಿಂಗ್. ಕನ್ನಡದಲ್ಲಿ ಅದು ದಶಕಗಳ ಕಾಲ ಮುಚ್ಚಿತ್ತು. 1960ರ ದಶಕದಲ್ಲಿ ತೆಲುಗು, ತಮಿಳಿನಿಂದ ಡಬ್ ಆದ ಚಿತ್ರಗಳ ನಡುವೆ ಕನ್ನಡ ಚಿತ್ರೋದ್ಯಮ ಉಸಿರಾಡಲು ಹೆಣಗುತ್ತಿದ್ದಾಗ ಅ.ನ. ಕೃಷ್ಣರಾಯರಂಥವರ ಮುಂದಾಳುತನದಲ್ಲಿ ಹೋರಾಟ ನಡೆದು, ಡಬ್ಬಿಂಗ್ ಬೇಡವೆಂಬ ಅಲಿಖಿತ ಒಪ್ಪಂದ ನೆಲೆಗೊಂಡಿತು. ಅದು ಕಾನೂನಾಗಿರಲಿಲ್ಲ, ಕಾನೂನಿಗಿಂತ ಬಲವಾಗಿತ್ತು. ಕನ್ನಡದ ಕಲಾವಿದರಿಗೂ ತಂತ್ರಜ್ಞರಿಗೂ ಅದು ನೆಲೆ ಕೊಟ್ಟಿತು ಎಂಬುದನ್ನು ಮರೆಯಬಾರದು.

ಆದರೆ ಈ ಕಟ್ಟುಪಾಡೊಂದನ್ನೇ ಹೊಣೆ ಮಾಡುವುದೂ ಸರಿಯಲ್ಲ. 1993ರ ಮೌಗ್ಲಿ ರಾಷ್ಟ್ರೀಯ ಪ್ರಸಾರದ ಮೂಲಕ ತಮಿಳು, ತೆಲುಗು ಮನೆಗಳಿಗೂ ಹಿಂದಿಯಲ್ಲೇ ಹೋದ. ಅಲ್ಲಿ ಕೆಲಸ ಮಾಡಿದ್ದು ದೆಹಲಿಯ ಪ್ರಸಾರನೀತಿ. ವ್ಯತ್ಯಾಸ ಕಾಣಿಸಿಕೊಂಡದ್ದು 2000ದ ನಂತರ. ಖಾಸಗಿ ಮಕ್ಕಳ ವಾಹಿನಿಗಳು ತಮಿಳು, ತೆಲುಗು ಧ್ವನಿಗಳನ್ನು ಸೇರಿಸಿಕೊಳ್ಳತೊಡಗಿದಾಗ ಕನ್ನಡ ಹಿಂದೆ ಉಳಿಯಿತು. ಹಿರಿಯರ ಸಿನಿಮಾವನ್ನು ಕಾಯಲು ಕಟ್ಟಿದ ಬೇಲಿ ಮಕ್ಕಳ ಅಂಗಳಕ್ಕೂ ಚಾಚಿಕೊಂಡಿತ್ತು. ಬೇಲಿ ಕಟ್ಟಿದವರ ಮುಂದೆ ಮಕ್ಕಳ ಟಿವಿ ಎಂಬ ಸಂಗತಿಯೇ ಇರಲಿಲ್ಲ.

ಬಾಂಗ್ಲಾದೇಶದ ಅನುಭವ ಇಲ್ಲಿ ಹೋಲಿಕೆಗೆ ಒದಗುತ್ತದೆ. ಹಿಂದಿ ಧ್ವನಿಯ ‘ಡೋರೇಮಾನ್’ ನೋಡಿ ಮಕ್ಕಳು ಹಿಂದಿ ಆಡತೊಡಗಿದ್ದಾರೆಂಬ ಆತಂಕದಿಂದ ಅಲ್ಲಿನ ಸರ್ಕಾರ 2013ರಲ್ಲಿ ಆ ಪ್ರಸಾರವನ್ನು ನಿಷೇಧಿಸಿತು. ಆಮೇಲೆ ಅದೇ ಸರಣಿ ಬಾಂಗ್ಲಾ ಧ್ವನಿಯಲ್ಲಿ ಬಂತು. ಅಲ್ಲಿ ಭಾಷೆಯ ರಕ್ಷಣೆ ಎಂದರೆ ಕೊನೆಗೆ ಡಬ್ಬಿಂಗ್ ಆಯಿತು. ನಮ್ಮಲ್ಲಿ ಅದೇ ರಕ್ಷಣೆಯ ಹೆಸರಿನಲ್ಲಿ ಡಬ್ಬಿಂಗ್ ದೂರವಿತ್ತು.

ಕನ್ನಡದಲ್ಲಿ ಬಾಗಿಲು ತೆರೆದವರು ಮಕ್ಕಳೇ. ಸನ್ ಸಮೂಹ 2007ರಲ್ಲಿ ತಮಿಳಿನ ಚುಟ್ಟಿ ಟಿವಿಯನ್ನೂ 2009ರಲ್ಲಿ ಕನ್ನಡದ ಚಿಂಟು ಟಿವಿಯನ್ನೂ ಆರಂಭಿಸಿತು. ‘ಡೋರಾ’ದಂಥ ಸರಣಿಗಳು ಕನ್ನಡದಲ್ಲಿ ಕೇಳಿಬಂದವು. ಹಿರಿಯರ ಕಾರ್ಯಕ್ರಮಗಳಿಗೆ ಈ ಅವಕಾಶ ಇನ್ನೂ ಇರಲಿಲ್ಲ. 2012ರಲ್ಲಿ ‘ಸತ್ಯಮೇವ ಜಯತೇ’ ಹಲವು ಭಾರತೀಯ ಭಾಷೆಗಳಿಗೆ ಡಬ್ ಆದರೂ ಕನ್ನಡಕ್ಕೆ ಆಗಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ನೀಡಿದ್ದು 2015ರಲ್ಲಿ.

6. ಕೋತಿ ಯಾವ ಕನ್ನಡ ಆಡಬೇಕು?

ಕನ್ನಡದಲ್ಲಿ ಪ್ರಾಣಿಗಳು ಮಾತಾಡಲು ಟಿವಿಗಾಗಿ ಕಾಯಬೇಕಿರಲಿಲ್ಲ. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಪಂಚತಂತ್ರದಲ್ಲೇ ಅವು ರಾಜನೀತಿಯನ್ನು ಚರ್ಚಿಸಿವೆ; 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದಲ್ಲೂ ಬಾಲಮಂಗಳದ ಪುಟಗಳಲ್ಲೂ ಮಾತಾಡಿವೆ. ಆದರೆ ಅದು ಬರೆಹದ ಕನ್ನಡ. ಕೇಳುವ ಕನ್ನಡದಲ್ಲಿ ಕೋತಿಯ ದನಿ ಹೇಗಿರಬೇಕು, ಅದು ಯಾವ ಸೀಮೆಯದ್ದಾಗಿರಬೇಕು ಎಂಬ ಪ್ರಶ್ನೆಗಳನ್ನು ದಿನಕ್ಕೆ ಹತ್ತಾರು ಸಲ ಎದುರಿಸಬೇಕಾದದ್ದು ಡಬ್ಬಿಂಗ್ ಕೋಣೆಯಲ್ಲಿ.

ಕಿನ್‌ಸುಯಿ ಸತೋಷಿ 2003ರಲ್ಲಿ ಜಪಾನಿ ಕಥನಗಳ ಬಗ್ಗೆ ಬರೆಯುತ್ತ ಮಂಡಿಸಿದ ‘ಪಾತ್ರಭಾಷೆ’ಯ ಪರಿಕಲ್ಪನೆ ಇಲ್ಲಿ ಉಪಯುಕ್ತ. ಕೆಲವು ನುಡಿರೂಪಗಳನ್ನು ಕೇಳಿದೊಡನೆ ಮುದುಕ, ಪಂಡಿತ, ಹಳ್ಳಿಗ ಎಂಬ ಪಾತ್ರ ಕಣ್ಣಮುಂದೆ ಬರುತ್ತದೆ. ನಿಜಜೀವನದಲ್ಲಿ ಹಾಗೆ ಆಡುವವರು ಇರಬೇಕೆಂದಿಲ್ಲ. ರೋಸಿನಾ ಲಿಪ್ಪಿ-ಗ್ರೀನ್ (1997) ಡಿಸ್ನಿಯ 24 ಚಿತ್ರಗಳ 371 ಪಾತ್ರಗಳನ್ನು ಪರಿಶೀಲಿಸಿ, ಪರದೇಶೀ ಉಚ್ಚಾರಣೆಯ ಪಾತ್ರಗಳಲ್ಲಿ ಕೆಟ್ಟವರ ಪ್ರಮಾಣ ಹೆಚ್ಚೆಂದು ತೋರಿಸಿದರು. ಮಗು ಕಾರ್ಟೂನಿನಿಂದ ಭಾಷೆಯ ಜೊತೆಗೆ ಭಾಷೆಯ ಬಗೆಗಿನ ತಾರತಮ್ಯವನ್ನೂ ಕಲಿಯುತ್ತದೆ. ಕನ್ನಡ ಸಿನಿಮಾ ಧಾರವಾಡದ ಕನ್ನಡವನ್ನೂ ಮಂಗಳೂರು ಕನ್ನಡವನ್ನೂ ಬಹುಕಾಲ ನಗೆಗಾಗಿ ಬಳಸಿದೆ. ಕಥಾನಾಯಕಿ ಮೈಸೂರು–ಬೆಂಗಳೂರಿನ ಶಿಷ್ಟ ಆಡುನುಡಿಯಲ್ಲಿ, ಕಳ್ಳನರಿ ಬೇರೆ ಸೀಮೆಯ ನುಡಿಯಲ್ಲಿ ಮಾತಾಡುವ ಕಾರ್ಟೂನನ್ನು ಬಾಗಲಕೋಟೆಯ ಮಗು ನೋಡಿದರೆ ಅದಕ್ಕೆ ತಲುಪುವ ಸಂದೇಶವೇನೆಂಬುದನ್ನು ಊಹಿಸುವುದು ಕಷ್ಟವಲ್ಲ.

ವ್ಯಾಕರಣದ ಪ್ರಶ್ನೆಗಳೂ ಇವೆ. ಡೋರಾ ಪರದೆಯಾಚೆಯ ಮಗುವನ್ನು ನೇರವಾಗಿ ಮಾತಾಡಿಸುತ್ತಾಳೆ. ಇಂಗ್ಲಿಷಿನ ಒಂದೇ ಮಧ್ಯಮಪುರುಷ ಸರ್ವನಾಮಕ್ಕೆ ಕನ್ನಡದಲ್ಲಿ ‘ನೀನು’ ಬೇಕೇ ‘ನೀವು’ ಬೇಕೇ? ಮೊದಲನೆಯದು ಗೆಳತಿಯದು, ಎರಡನೆಯದು ತರಗತಿಯ ಟೀಚರದು. ‘ನಾವು’ ಎನ್ನುವಾಗ ತಮಿಳು, ತೆಲುಗಿನ ಅನುವಾದಕರು ಮಗುವನ್ನು ಪಯಣದೊಳಕ್ಕೆ ಸೇರಿಸುವ ರೂಪವನ್ನು ಆರಿಸಿಕೊಳ್ಳಬಲ್ಲರು. ಕನ್ನಡದಲ್ಲಿ ಆ ಅಕ್ಕರೆಯನ್ನು ದನಿಯೇ ತುಂಬಿಕೊಡಬೇಕು. ಇನ್ನೂ ಅರ್ಥಪೂರ್ಣವಾದದ್ದು ಸರಣಿಯ ಎರಡನೆಯ ಭಾಷೆ. 2000ದಲ್ಲಿ ಆರಂಭವಾದ ಮೂಲ ‘ಡೋರಾ’ ಅಮೆರಿಕದ ಮಕ್ಕಳಿಗೆ ಇಂಗ್ಲಿಷಿನ ನಡುವೆ ಸ್ಪ್ಯಾನಿಷ್ ಕಲಿಸುತ್ತಿತ್ತು. ಭಾರತೀಯ ಭಾಷೆಗಳ ರೂಪದಲ್ಲಿ ಸ್ಪ್ಯಾನಿಷಿನ ಪೀಠದಲ್ಲಿ ಇಂಗ್ಲಿಷ್ ಬಂದು ಕುಳಿತಿತು. ಮನೆಮಾತಿನ ಘನತೆಯನ್ನು ಎತ್ತಿಹಿಡಿಯಲು ಹೊರಟ ಕಾರ್ಯಕ್ರಮ ಹೀಗೆ ಅಧಿಕಾರದ ಭಾಷೆಯನ್ನು ಕಲಿಸುವ ಕಾರ್ಯಕ್ರಮವಾಯಿತು.

ಕೊನೆಯದಾಗಿ, ಕನ್ನಡದ ಧ್ವನಿ ಬಂದೊಡನೆ ಎಲ್ಲ ಮಕ್ಕಳಿಗೂ ಮನೆಮಾತು ದೊರಕಿತು ಎನ್ನುವಂತಿಲ್ಲ. ತುಳು, ಕೊಡವ, ಕೊಂಕಣಿ, ಬ್ಯಾರಿ, ಲಂಬಾಣಿ ಮನೆಗಳ ಮಗುವಿಗೆ ಚಿಂಟು ಟಿವಿಯ ಕನ್ನಡ, ಮೌಗ್ಲಿಯ ಹಿಂದಿಗಿಂತ ಹತ್ತಿರದ್ದು ನಿಜ, ಆದರೂ ಇನ್ನೊಬ್ಬರ ಮಾತೇ. ಹಿಂದಿಯ ಎದುರು ಕನ್ನಡ ಕೇಳುವ ಪ್ರಶ್ನೆಯನ್ನೇ ಈ ಭಾಷೆಗಳು ಕನ್ನಡದ ಎದುರು ಕೇಳಬಲ್ಲವು.

7. ಸಮಾರೋಪ

ಈ ಚರಿತ್ರೆಯಿಂದ ಮೂರು ಸಂಗತಿಗಳು ಹೊರಡುತ್ತವೆ. ಒಂದು, ಕನ್ನಡ ಮಕ್ಕಳ ಕಾರ್ಟೂನ್ ನೆನಪು ಹಿಂದಿಯಲ್ಲಿ ನೆಲೆಸಿದ್ದು ಪ್ರಸಾರನೀತಿ, ಮಾರುಕಟ್ಟೆ ಮತ್ತು ಡಬ್ಬಿಂಗ್ ಕಟ್ಟುಪಾಡು ಬೇರೆಬೇರೆ ಕಾಲದಲ್ಲಿ ಕೂಡಿಬಂದದ್ದರಿಂದ; ಯಾವುದೋ ಒಂದು ಕಾರಣದಿಂದಲ್ಲ. ಎರಡು, ಆ ನೆನಪು ನಷ್ಟವಷ್ಟೇ ಅಲ್ಲ. ಬಲವಂತವಿಲ್ಲದೆ ದಕ್ಕಿದ ಇನ್ನೊಂದು ಭಾಷೆಯ ಗ್ರಹಿಕೆಯೂ ಹೌದು, ಅದರ ಸಂತೋಷ ನಿಜವಾದದ್ದೂ ಹೌದು. ಮೂರು, ನಷ್ಟವಾದದ್ದು ಪದಗಳಲ್ಲ, ಒಂದು ನುಡಿಬಗೆ: ನಗು, ಭಯ, ಸಾಹಸಗಳಿಗೆ ಕನ್ನಡದಲ್ಲಿ ಕೇಳಿ ಕಲಿತ ದನಿಗಳು.

ಆ ದನಿಗಳು ಕೆಲವು ವರ್ಷಗಳ ಮಟ್ಟಿಗಾದರೂ 2009ರ ನಂತರ ಹುಟ್ಟಿದವು. ಅವುಗಳನ್ನು ಕೇಳಿ ಬೆಳೆದವರು ಈಗ ಪದವಿ ತರಗತಿಗಳಲ್ಲಿ ನಮ್ಮ ಮುಂದೆ ಕುಳಿತಿದ್ದಾರೆ. ಡಬ್ ಆದ ಕಂತುಗಳ ಧ್ವನಿಯನ್ನು ಭಾಷಿಕ ದತ್ತವಾಗಿ ಸಂಗ್ರಹಿಸುವುದು, ಕಂಠದಾನ ಕಲಾವಿದರು ಪ್ರತಿ ಸಾಲಿನಲ್ಲೂ ಮಾಡಿದ ಆಯ್ಕೆಗಳನ್ನು ಅವರಿಂದಲೇ ಕೇಳಿ ದಾಖಲಿಸುವುದು, ಮಾತಿಲ್ಲದ ಚಿತ್ರವನ್ನು ಇಂದಿನ ಮಕ್ಕಳು ಯಾವ ಮಾತಿನಲ್ಲಿ ಮರುಕಥಿಸುತ್ತಾರೆಂದು ಜಿಲ್ಲೆಯಿಂದ ಜಿಲ್ಲೆಗೆ ಹೋಲಿಸುವುದು, ಇವು ಈಗಲೇ ಕೈಗೆತ್ತಿಕೊಳ್ಳಬಹುದಾದ ಕೆಲಸಗಳು. ಶಾಸನ, ತಾಳೆಗರಿ, ಜನಪದ ಗೀತೆಗಳಿಗೆ ಕೊಟ್ಟ ಮರ್ಯಾದೆಯನ್ನು ಕೋತಿಯೊಂದರ ಕನ್ನಡ ಸಂಭಾಷಣೆಗೂ ಕೊಡಲು ಭಾಷಾವಿಜ್ಞಾನಿಗಳು ಹಿಂಜರಿಯಬೇಕಿಲ್ಲ. ಒಂದು ತಲೆಮಾರು ಯಾವ ಭಾಷೆಯಲ್ಲಿ ನಕ್ಕಿತು ಎಂಬುದು, ಅದು ಯಾವ ಭಾಷೆಯಲ್ಲಿ ಪರೀಕ್ಷೆ ಬರೆಯಿತು ಎಂಬುದರಷ್ಟೇ ಭಾಷೆಯ ಚರಿತ್ರೆಗೆ ಸೇರಿದ ವಿಷಯ.